ನಾಮಾ ಕಾಕಿ ಮತ್ತು ಹಣ್ಣಿನ ಸಾಲ್ಸಾ

ಬಾಗಿಲ ಹಿಡಿಕೆಗೆ ನೇತುಹಾಕಿದ್ದ ಚೀಲವನ್ನು ಒಳಗೆ ತಂದು ಬಿಚ್ಚಿದೆ. ನಾನು ತರಿಸಿದ್ದು ಪರ್ಸಿಮನ್ ಹಣ್ಣು. ಒಳಗಿದ್ದದ್ದು ಮಂಜುಗಡ್ಡೆಯ ಮೇಲೆ ಮಲಗಿದ್ದ ಹನ್ನೆರಡು ಸಮುದ್ರದ ಸಿಂಪಿ, ಚಿಪ್ಪು ಸಮೇತ.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ.

ಜಪಾನಿನ ಸೆಂಡಾಯ್‌ನಲ್ಲಿ ಅದು ಕೋವಿಡ್‌ನ ಮೊದಲ ಚಳಿಗಾಲ. ಲ್ಯಾಬ್‌ನ ಸಹೋದ್ಯೋಗಿಯೊಬ್ಬರಿಗೆ ಪಾಸಿಟಿವ್ ಬಂದದ್ದರಿಂದ ನಾನು, ಹೆಂಡತಿ ವೀಣಾ, ಹನ್ನೆರಡು ವರ್ಷದ ಮಗಳು ಇಳಾ, ಮೂವರೂ ಎರಡು ವಾರ ಮನೆಯಲ್ಲೇ ಉಳಿದಿದ್ದೆವು. ಸಾಮಾನು ತಂದು ಬಾಗಿಲಿಗೆ ತೂಗುಹಾಕುವ ಹೊಣೆಯನ್ನು ಪಕ್ಕದ ಮನೆಯ ಹಿರಿಯ ಮಹಿಳೆ ಸಾತೋ ಸಾನ್ ತಾವಾಗಿಯೇ ವಹಿಸಿಕೊಂಡಿದ್ದರು.

ಐದನೆಯ ದಿನ ಇಳಾ ತನ್ನ ಟ್ಯಾಬ್ ತಂದು ನನ್ನೆದುರು ಇಟ್ಟಳು. ಪರದೆಯ ಮೇಲೆ ಸಣ್ಣಗೆ ಹೆಚ್ಚಿದ ಹಣ್ಣು, ಈರುಳ್ಳಿ, ಹಸಿಮೆಣಸಿನಕಾಯಿ... ಹಣ್ಣಿನ ಸಾಲ್ಸಾ.

"ಕ್ಯಾನ್ ವಿ ಮೇಕ್ ದಿಸ್, ಅಪ್ಪ?"

ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಬೇಸಿಗೆಯ ತಿನಿಸನ್ನು ಈ ಚಳಿಯಲ್ಲಿ ಏಕೆ ಎಂದು ನಾನು ಕೇಳಲಿಲ್ಲ. ಏಕೆಂದರೆ ಎರಡು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ವಸ್ತು ಅದು.

ಎರಡು ವರ್ಷದ ಹಿಂದೆ ಅವಳ ಅಣ್ಣ ಪ್ರಣವ ತೀರಿಕೊಂಡ. ಊಟದ ಮೇಜಿನಲ್ಲಿ ನನ್ನೊಡನೆ ವಾದಕ್ಕಿಳಿಯುತ್ತಿದ್ದವನು ಅವನೊಬ್ಬನೇ. ಆಮೇಲೆ ಇಳಾ ನಾನು ಏನು ಹೇಳಿದರೂ "ಹಾಯ್", ಅಂದರೆ ಜಪಾನೀಸಿನಲ್ಲಿ "ಸರಿ", ಎಂದು ತನ್ನ ಕೋಣೆಗೆ ಹೋಗಿಬಿಡುತ್ತಿದ್ದಳು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವುದನ್ನು ನಾನು ಚೆನ್ನಾಗಿ ಕಲಿತಿದ್ದೆ. ಮುಚ್ಚಿದ ಬಾಯಿಯನ್ನು ತೆರೆಸುವುದನ್ನು ಕಲಿತಿರಲಿಲ್ಲ. ಈ ಮೌನವೇ ಅವಳ ಸ್ವಭಾವವಾಗಿ ನಿಂತುಬಿಟ್ಟರೆ ಎಂಬ ಭಯವನ್ನು ವೀಣಾಳಿಗೂ ಹೇಳಿರಲಿಲ್ಲ.

ಸಾತೋ ಸಾನ್‌ಗೆ ಫೋನ್ ಮಾಡಿದೆ. ಸಾಲ್ಸಾಗೆ ಬೇಕಾದ ಹಣ್ಣುಗಳಲ್ಲಿ ಮನೆಯಲ್ಲಿಲ್ಲದ್ದು ಪರ್ಸಿಮನ್ ಒಂದೇ. ಪರ್ಸಿಮನ್‌ಗೆ ಇಲ್ಲಿ ಕಾಕಿ ಎನ್ನುತ್ತಾರೆ. ಒಣಗಿಸಿದ ಕಾಕಿಯೂ ಸಿಗುವುದರಿಂದ ಸಂದೇಹಕ್ಕೆ ಎಡೆಯಿರಬಾರದೆಂದು "ನಾಮಾ" ಎಂಬ ವಿಶೇಷಣವನ್ನು ಸೇರಿಸಿದೆ. ನಾಮಾ ಎಂದರೆ ಹಸಿಯದು, ತಾಜಾ.

ಪಕ್ಕದಲ್ಲಿದ್ದ ಇಳಾ "ಅಪ್ಪ, ನಾಮಾ ಬೇಡ..." ಎಂದಳು. ಹಿರಿಯರೊಡನೆ ಮಾತನಾಡುವಾಗ ಮಧ್ಯೆ ಬಾಯಿ ಹಾಕಬಾರದೆಂದು ಕಣ್ಣಿನಲ್ಲೇ ತಡೆದೆ. ಅವಳು "ಹಾಯ್" ಎಂದಳು.

ಕಾರಾ ಸಮೇತ ಬೇಕೇ ಎಂದು ಸಾತೋ ಸಾನ್ ಕೇಳಿದರು. ನನ್ನ ಕಿವಿಗೆ ಅದು "ಕಾವಾ" ಎಂದು ಬಿತ್ತು. ಕಾವಾ ಎಂದರೆ ಸಿಪ್ಪೆ. ಸಮೇತವೇ ಇರಲಿ, ನಾವೇ ಬಿಡಿಸಿಕೊಳ್ಳುತ್ತೇವೆ ಎಂದೆ. ನಿಮಗೆ ಅಷ್ಟು ಚೆನ್ನಾಗಿ ಬರುತ್ತದೆಯೇ ಎಂದು ಅವರು ಬೆರಗಾದರು. ಹಣ್ಣು ಸುಲಿಯುವುದರಲ್ಲಿ ಬೆರಗಾಗುವಂಥದ್ದೇನಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಕಾಕಿ ಎಂದರೆ ಸಿಂಪಿಯೂ ಹೌದು; ನಾಮಾ ಕಾಕಿ ಎಂದರೆ ಹಸಿಯಾಗಿ ತಿನ್ನುವ ಸಿಂಪಿಯೇ. ಕಾರಾ ಎಂದರೆ ಚಿಪ್ಪು.

ಈಗ ಅಡುಗೆಮನೆಯ ಕಟ್ಟೆಯ ಸುತ್ತ ನಾವು ಮೂವರೂ ನಿಂತಿದ್ದೇವೆ. ಕಡಲಿನ ವಾಸನೆ ಮನೆಯನ್ನೆಲ್ಲ ತುಂಬಿದೆ.

"ನಾನು ಹೇಳಿದ್ನಲ್ಲ, ನಾಮಾ ಬೇಡ ಅಂತ."

ಇಳಾಳ ದನಿ. ಅಭ್ಯಾಸಬಲದಿಂದ ನಾನು ಪ್ರತಿವಾದ ಹೂಡಿದೆ. ನಾಮಾ ಎಂಬುದಕ್ಕೆ ನಿಘಂಟಿನಲ್ಲಿ ತಾಜಾ ಎಂಬ ಅರ್ಥವಿದೆ, ಆದ್ದರಿಂದ ನನ್ನ ಪ್ರಯೋಗ ಶುದ್ಧವಾಗಿದೆ ಎಂದೆ.

"ನೀವು ಹೇಳ್ತಿರೋದು ಡಿಕ್ಷನರಿ, ಅಪ್ಪ. ಸಾತೋ ಸಾನ್ ಡಿಕ್ಷನರಿ ಅಲ್ಲ. ವಿಂಟರಲ್ಲಿ, ಈ ಊರಲ್ಲಿ, ನಾಮಾ ಕಾಕಿ ಅಂದ್ರೆ ಯಾರಾದ್ರೂ ಫ್ರೂಟ್ ತರ್ತಾರಾ?"

"ಅವರು ಇನ್ನೊಮ್ಮೆ ವಿಚಾರಿಸಬಹುದಿತ್ತು."

"ವಿಚಾರಿಸಿದ್ರು. ಶೆಲ್ ಬೇಕಾ ಅಂತ. ನೀವು ಬೇಕು ಅಂದ್ರಿ."

ಮೂವತ್ತು ವರ್ಷಗಳಲ್ಲಿ ಇಷ್ಟು ಸ್ವಚ್ಛವಾಗಿ ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ.

ಅಷ್ಟರಲ್ಲಿ ವೀಣಾ ಅತ್ಯಂತ ಗಂಭೀರವಾಗಿ ಹೇಳಿದಳು, "ನಾಮಾ ನಾಮಾ ಅಂತ ಕೇಳಿ ಕೇಳಿ ಹಾಕಿಸ್ಕೊಂಡ್ರಲ್ಲ ರೀ."

"ಏನು ಹಾಕಿಸ್ಕೊಂಡ್ರು?" ಎಂದಳು ಇಳಾ.

ವೀಣಾ ಬೆರಳಿನಿಂದ ತನ್ನ ಹಣೆಯ ಮೇಲೆ ಮೂರು ಗೆರೆ ಎಳೆದು ತೋರಿಸಿದಳು. "ಮೋಸ ಹೋದೋರಿಗೆ ನಾವು ಹಾಗನ್ನೋದು. ನಿಮ್ಮಪ್ಪ ತಮಗೆ ತಾವೇ ಹಾಕ್ಕೊಂಡ್ರು."

ಇಳಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಫ್ರಿಜ್ ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ನೆಲದ ಮೇಲೆ ಕುಳಿತಳು. ವೀಣಾಳೂ ಕುಳಿತಳು. ನಾನು ಒಂದು ಕೈಯಲ್ಲಿ ಸಿಂಪಿ ಹಿಡಿದು ನಿಂತೇ ನಕ್ಕೆ...

ಸಾತೋ ಸಾನ್‌ಗೆ ಇಳಾಳೇ ಫೋನ್ ಮಾಡಿದಳು. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಕಥೆ ಹೇಳಿದಳು. ಗೋಡೆಯಾಚೆಯಿಂದಲೇ ಅವರ ನಗು ಕೇಳಿಸಿತು. ಬಾಗಿಲ ಹೊರಗಿಟ್ಟ ಸಿಂಪಿಯ ಚೀಲ ಹೋಗಿ, ಅದೇ ಜಾಗದಲ್ಲಿ ಅವರ ತಂಗಿಯ ತೋಟದ ಆರು ಕಿತ್ತಳೆಬಣ್ಣದ ಪರ್ಸಿಮನ್ ಬಂದವು.

ಹೆಚ್ಚುವುದು ನನ್ನ ಕೆಲಸ. ಪರ್ಸಿಮನ್, ಸೇಬು, ಕಿತ್ತಳೆ. ತುಂಡುಗಳು ಸಮಾನ ಗಾತ್ರದಲ್ಲಿಲ್ಲ ಎಂದು ಇಳಾ ಎರಡು ಸಲ ಆಕ್ಷೇಪಿಸಿದಳು. ವೀಣಾ ಒಗ್ಗರಣೆ ಸೌಟಿಗೆ ಕೈ ಹಾಕಿದಾಗ ಅವಳಿಗೂ ಬಿತ್ತು: "ಅಮ್ಮಾ, ಇದು ಸಾಲ್ಸಾ, ಕೋಸಂಬರಿ ಅಲ್ಲ." ಚಿಪ್ಸ್ ಇರಲಿಲ್ಲ. ಹಪ್ಪಳ ಕರಿದೆವು.

ಬಟ್ಟಲು ನಡುವೆ ಇಟ್ಟುಕೊಂಡು ಮೂವರೂ ತಿನ್ನುತ್ತಿದ್ದೇವೆ. ಸಿಹಿ, ಹುಳಿ, ನಾಲಿಗೆಯ ತುದಿಗೆ ಹಸಿಮೆಣಸಿನಕಾಯಿಯ ಚುರುಕು. ಇಳಾ ತಲೆಯೆತ್ತದೆ ಅಂದಳು, "ಅಣ್ಣ ಇದ್ದಿದ್ರೆ ಉಪ್ಪು ಜಾಸ್ತಿ ಅಂತಿದ್ದ."

ವೀಣಾಳ ಕೈ ಬಟ್ಟಲಲ್ಲೇ ನಿಂತಿತು. ಆ ಮೇಜಿನಲ್ಲಿ ಎರಡು ವರ್ಷಗಳಿಂದ ಯಾರೂ ಅವನ ಮಾತೆತ್ತಿರಲಿಲ್ಲ.

ಉಪ್ಪು ಸರಿಯಾಗಿದೆ ಎಂದೆ ನಾನು.

"ಇಲ್ಲ ಅಪ್ಪ. ಜಾಸ್ತಿನೇ ಆಗಿದೆ. ಅಣ್ಣ ಹೇಳೋದು ಕರೆಕ್ಟ್."

ಇಬ್ಬರು ಮಕ್ಕಳೂ ಒಂದೇ ಪಕ್ಷ. ನಾನು ಸೋಲೊಪ್ಪಿಕೊಂಡು ಇನ್ನೊಂದು ಸೇಬು ಹೆಚ್ಚಲು ಎದ್ದೆ.

ನಿಮ್ಮ ಮನೆಯಲ್ಲಿ "ನೀವು ಹೇಳುವುದು ತಪ್ಪು" ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವವರು ಯಾರು?