ಮುಂದಿನ ಸಾಲಿನಲ್ಲಿ ಕೂತ ಮಾವ

ನಮ್ಮ ಜಮಖಂಡಿ, ಮುಧೋಳ ಕಡೆಯ ಪತ್ರಿಕೆಗಳಿಗೆ ಅಪರಾಧವೆಂದರೆ ಒಂದು ಫೋಟೋ. ಹಿಂದೆ ಪೊಲೀಸರು ನಿಂತಿರಬೇಕು, ಮುಂದೆ ಕೆಲವರು ಕುಕ್ಕರುಗಾಲಲ್ಲಿ ಕೂತಿರಬೇಕು, ನಡುವೆ ಸಿಕ್ಕ ಮಾಲು. ಟ್ರ್ಯಾಕ್ಟರಿನ ಬ್ಯಾಟರಿ ಕದ್ದವನೂ ‘ಖತರ್ನಾಕ್’, ಕೊಲೆ ಮಾಡಿದವನೂ ‘ಖತರ್ನಾಕ್’. ಬರೆಯುವವನು ಠಾಣೆಯಲ್ಲಿ ಚಹಾ ಕುಡಿದು, ಅವರು ಹೇಳಿದ್ದನ್ನು ಒಯ್ದು ಅಚ್ಚು ಹಾಕಿಸುತ್ತಾನೆ. ಅದಕ್ಕೆ ವರದಿ ಎನ್ನುತ್ತಾರೆ.

ಬನಹಟ್ಟಿಯಲ್ಲಿ ಮಗ್ಗ ಇಟ್ಟಿರುವ ನನ್ನ ಸೋದರಮಾವನ ಸೀರೆ ಗಂಟುಗಳು ಕಳವಾಗಿದ್ದವು. ಕಳ್ಳರು ಸಿಕ್ಕರೆಂದು ಠಾಣೆಯಿಂದ ಕರೆ ಬಂತು. ಸೀರೆ ಗುರುತಿಸಲು ಮಾವ ಹೋದ, ಜೊತೆಗೆ ನಾನು. ಫೋಟೋ ತೆಗೆಯುವಾಗ ಮಾವ ತಾನಾಗಿಯೇ ಮುಂದೆ ಹೋಗಿ ತನ್ನ ಗಂಟಿನ ಪಕ್ಕ ಕೂತ. ಗಿಡ್ಡ ಮನುಷ್ಯ, ಮದುವೆಗಳಲ್ಲಿ ಫೋಟೋದವರು ಅವನನ್ನು ಯಾವಾಗಲೂ ಮುಂದೆಯೇ ಕೂರಿಸುತ್ತಿದ್ದರು. ಅಥವಾ ಇಲ್ಲಿಯೂ ಯಾರೋ ಕೂರಿಸಿದರೋ? ನನ್ನ ನೆನಪು ಒಮ್ಮೆ ಹೀಗೆ, ಒಮ್ಮೆ ಹಾಗೆ ಹೇಳುತ್ತದೆ. ಚೆಂದ ಕಾಣುವ ಕಡೆಗೇ ಅದು ವಾಲುವುದರಿಂದ ನಾನು ಅದನ್ನು ನಂಬುವುದಿಲ್ಲ. ಮರುದಿನದ ಪತ್ರಿಕೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ: ಮುಂದೆ ಕೂತವರೆಲ್ಲ ಕಳ್ಳರು.

ಮಾವನ ಮಗಳನ್ನು ಮುಧೋಳದವರು ಒಪ್ಪಿದ್ದರು. ಮದುವೆಯ ದಿನ ಗೊತ್ತು ಮಾಡಲು ಬರಬೇಕಿದ್ದವರು ಬರಲಿಲ್ಲ. ಫೋನ್ ಮಾಡಿದರೆ ಪೇಪರ್ ನೋಡಿದೆವು ಎಂದಷ್ಟೇ ಹೇಳಿದರು. ಮಾವ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಚ್ಚಾದದ್ದಲ್ಲವೇ.

ಪತ್ರಿಕೆಯ ಕಚೇರಿಗೆ ಹೋದೆವು. ತಪ್ಪಾಗಿದೆ, ತಿದ್ದಿ ಹಾಕಿ ಎಂದರೆ ಸಂಪಾದಕನಿಗೆ ನಗು.

“ನಾವ ತಪ್ಪ ಬರದೀವಿ ಅಂತ ನಾವ ಬರದ್ರ, ನಾಳಿ ನಮ್ಮನ್ನ ಯಾರ ನಂಬ್ತಾರ್ರೀ ಯಜಮಾನ್ರ? ಒಂದ ಕೆಲಸ ಮಾಡೂಣು. ನಿಮ್ಮ ಹುಟ್ಟಹಬ್ಬದ ಶುಭಾಶಯ ಹಾಕ್ತೀನಿ. ಅದಕಿಂತ ದೊಡ್ಡ ಫೋಟೋ.”

ಹುಟ್ಟಿದ ದಿನ ಮಾವನಿಗೇ ಗೊತ್ತಿರಲಿಲ್ಲ. ಅದೇನೂ ಅಡ್ಡಿಯಾಗಲಿಲ್ಲ. ಒಳಪುಟದಲ್ಲಿ, ಪುಢಾರಿಗಳ ನಗುಮುಖಗಳ ನಡುವೆ ಮಾವನೂ ಬಂದ: ಸಮಾಜಸೇವಕ, ಯುವಕರ ಕಣ್ಮಣಿ. ಬೇರೆ ಫೋಟೋ ಕೇಳುವಷ್ಟು ಕಷ್ಟವನ್ನೂ ಅವರು ಪಟ್ಟಿರಲಿಲ್ಲ. ಠಾಣೆಯದನ್ನೇ ಕತ್ತರಿಸಿ ಹಾಕಿದ್ದರು. ಮಾವನ ಭುಜದ ಹಿಂದೆ ಪೊಲೀಸನ ಖಾಕಿ ಪ್ಯಾಂಟು ಹಾಗೇ ಉಳಿದಿತ್ತು.

ಅಂದೇ ಮುಧೋಳದಿಂದ ಹುಡುಗನ ತಂದೆಯ ಫೋನ್ ಬಂತು. ಈ ಸಲ ದನಿ ಮೆತ್ತಗಿತ್ತು. ಮಾವ ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿತು.

“ಪೇಪರ್ ನೋಡಿದ್ವಿ. ಬಿಡುಗಡಿ ಆತೇನ್ರಿ ಬೀಗರ?”

ಮಾವ ಬಾಯಿ ತೆರೆಯುವ ಮೊದಲೇ ಮಗಳು ಫೋನ್ ಕಸಿದುಕೊಂಡಳು.

“ಇಲ್ರೀ, ಇನ್ನೂ ಒಳಗ ಅದಾರ. ನೀವು ಪೇಪರ್ ಓದ್ಕೋಂತ ಕುಂದರ್ರಿ,” ಎಂದು ಇಟ್ಟಳು.

ಆ ಸಂಬಂಧ ಅಲ್ಲಿಗೆ ಮುಗಿಯಿತು. ಮಾವ ಅವಳನ್ನು ಬೈಯಲಿಲ್ಲ.