ತಂಗಿಯ ತೋಳಿನ ಕರಿದಾರ

ನಾನು ಚಿಕ್ಕವಳಿದ್ದಾಗ ಮಾನ್ವಿಯ ಸಂಜೆಗಳಿಗೆ ಲೋಬಾನದ ವಾಸನೆಯಿತ್ತು. ಮಸೀದಿಯಲ್ಲಿ ನಮಾಜು ಮುಗಿಯುವ ಹೊತ್ತಿಗೆ ಓಣಿಯ ತಾಯಂದಿರು, ಯಾವ ಜಾತಿಯವರೇ ಇರಲಿ, ಕೂಸುಗಳನ್ನೆತ್ತಿಕೊಂಡು ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಒಳಗಿಂದ ಬಂದವರು ಕೂಸಿನ ಮುಖದ ಮೇಲೆ, ತಾಯಂದಿರು ತಂದ ಬಟ್ಟಲ ನೀರಿನ ಮೇಲೆ ಮೆಲ್ಲಗೆ ಊದಿ ಹೋಗುತ್ತಿದ್ದರು. ದೃಷ್ಟಿ ಹೋಗಲಿ ಅಂತ. ಆ ಉಸಿರು ನನ್ನ ಕೆನ್ನೆಗೂ ತಾಕುತ್ತಿತ್ತು. ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದೆ.

ನನ್ನ ತಂಗಿಗೆ ವರ್ಷ ತುಂಬಿದ್ದರೂ ಕೂರಲು ಬರುತ್ತಿರಲಿಲ್ಲ. ಎತ್ತಿಕೊಂಡರೆ ಖಾಲಿ ಬುಟ್ಟಿಯಷ್ಟು ಹಗುರ. ಹಲ್ಲು ಬರುವ ತನಕ ಅನ್ನ ತೋರಿಸಬಾರದು ಅಂತ ಅಜ್ಜಿಯ ಹಟ. ಅಜ್ಜಿಯ ಮುಂದೆ ಅವ್ವನ ಮಾತು ನಡೆಯುತ್ತಿತ್ತೇ!

ಒಂದು ಸಂಜೆ ಮೌಲ್ವಿಸಾಬರು ತಂಗಿಯ ತೋಳಿಗೆ ಕರಿದಾರ ಕಟ್ಟಿದರು. ಅದು ಜಾರಿ ಮೊಣಕೈಗೆ ಬಂತು. ಕೂಸಿಗೆ ಏನು ಉಣಿಸಬೇಕು, ತೋಳು ತುಂಬಿತೋ ಇಲ್ಲವೋ ದಾರದಿಂದ ಹೇಗೆ ತಿಳಿಯಬೇಕು ಅಂತ ಆಸ್ಪತ್ರೆಯ ನರ್ಸಮ್ಮ ಅವರಿಗೆ ಹೇಳಿಕೊಟ್ಟಿದ್ದರಂತೆ.

"ನಾಳಿಂದ ಬರೇ ನೀರು ತರಬ್ಯಾಡವ್ವಾ. ಬಟ್ಟಲದಾಗ ಬ್ಯಾಳಿ ಗಂಜಿ ತಗೊಂಡು ಬಾ. ಊದಿಕೊಡ್ತೀನಿ, ನನ್ನ ಮುಂದ ಉಣಸು. ಈ ದಾರ ಬಿಗಿ ಆತಂದ್ರ ಕೂಸು ಉಳೀತು ಅಂತ ತಿಳ್ಕೋ" ಎಂದರು. ಊದಿದ ಗಂಜಿಗೆ ಬೇಡ ಎನ್ನಲು ಅಜ್ಜಿಗೂ ಬಾಯಿ ಬರಲಿಲ್ಲ.

ಉಳೀತು ಅಂದರೆ? ಉಳಿಯದೆಯೂ ಹೋಗಬಹುದೇ? ಮರುದಿನ ಮಧ್ಯಾಹ್ನ ತಂಗಿ ನಿದ್ದೆಯಲ್ಲಿದ್ದಾಗ, ಯಾರಿಗೂ ಕಾಣದಂತೆ ಆ ದಾರಕ್ಕೆ ಇನ್ನೊಂದು ಗಂಟು ಹಾಕಿ ಬಿಗಿ ಮಾಡಿದೆ. ತಂಗಿ ಉಳಿದಳು! ಸಂಜೆಯವರೆಗೆ ನನ್ನ ಕಾಲು ನೆಲಕ್ಕೆ ತಾಕಲಿಲ್ಲ.

"ಯವ್ವಾ, ದಾರ ಬಿಗಿ ಆಗ್ಯಾದ!" ಎಂದು ಅವ್ವ ಖುಷಿಗೆ ಅತ್ತೇಬಿಟ್ಟಳು. ಗಂಜಿಯ ಬಟ್ಟಲು ಮನೆಯಲ್ಲೇ ಬಿಟ್ಟು, ಕೂಸನ್ನೆತ್ತಿಕೊಂಡು ಮಸೀದಿಗೆ ಓಡಿದಳು. ನಾನೂ ಹಿಂದೆಯೇ ಓಡಿದೆ.

ಮೌಲ್ವಿಸಾಬರು ದಾರ ಮುಟ್ಟಿದರು. ಗಂಟು ಕಂಡಿತು. ಆಮೇಲೆ ನನ್ನನ್ನು ನೋಡಿದರು. ನಾನು ಗೊಳೋ ಅಂತ ಅತ್ತೆ.

"ಗಂಟು ಹಾಕಿದ್ರ ತೋಳು ತುಂಬಂಗಿಲ್ಲ ಬೇಟಿ" ಎಂದು ಅದನ್ನು ಬಿಚ್ಚಿದರು. "ಓಡು, ಗಂಜಿ ತಗೊಂಡು ಬಾ. ಇನ್ನ ದಿನಾ ನೀನೇ ಉಣಸಬೇಕು, ಇದೇ ನಿನಗ ಸಜಾ."

ಮೊದಲ ತುತ್ತನ್ನು ತಂಗಿ ನನ್ನ ಮುಖಕ್ಕೇ ಉಗುಳಿದಳು. ಎರಡನೆಯದನ್ನು ನುಂಗಿದಳು. ಗಂಜಿಗೆ ಹಾಕಿದ ಬೆಲ್ಲದ ವಾಸನೆ, ಲೋಬಾನದ ಹೊಗೆ, ಅವಳ ಬಾಯಿಯ ಪಚಪಚ ಸದ್ದು, ಈಗಲೂ ಕನಸಿನಲ್ಲಿ ಬರುತ್ತವೆ. ಜೋಳದ ರಾಶಿಯ ಹೊತ್ತಿಗೆ ದಾರ ತಾನಾಗಿಯೇ ಬಿಗಿಯಾಯಿತು. ಮೌಲ್ವಿಸಾಬರೇ ಕತ್ತರಿಸಿದರು.

ಮೊಮ್ಮಕ್ಕಳೇ, ನಿಮಗೀಗ ಅಂಗನವಾಡಿಯಲ್ಲಿ ತಕ್ಕಡಿ ಇದೆ, ಡಬ್ಬಿಯಲ್ಲಿ ಪೌಡರ್ ಇದೆ, ಒಂದು ತುತ್ತಿಗೆ ಮೊಬೈಲೂ ಬೇಕು. ಇರಲಿ ಬಿಡಿ. ಸಿರವಾರದಿಂದ ಬಂದು "ಇನ್ನೊಂದು ರೊಟ್ಟಿ ಉಣ್ರಲೇ" ಎಂದು ನಿಮ್ಮ ಬೆನ್ನು ಹತ್ತುವ ಸಣ್ಣಜ್ಜಿಯೇ ಆ ಕೂಸು. ಅವಳ ತೋಳು ದಪ್ಪ ಅಂತ ನಗುತ್ತೀರಲ್ಲ, ಒಮ್ಮೆ ಮುಟ್ಟಿ ನೋಡಿ. ನಾನಂತೂ ಅವಳು ಬಂದಾಗಲೆಲ್ಲ ಮುಟ್ಟುತ್ತೇನೆ.