ಕಣ್ಣಿಗೂ ವಿಮೆ ಇತ್ತು

ಅವಳಿಗೆ ಸೋಡಾಬುಡ್ಡಿ ಅಂತ ಹೆಸರಿಟ್ಟವನು ಅವಳ ತಮ್ಮ. ಚಿಕ್ಕಂದಿನಿಂದಲೂ ದಪ್ಪ ಗಾಜಿನ ಕನ್ನಡಕ. ಪರದೇಶಕ್ಕೆ ಓದಲು ಬಂದು ನನ್ನ ರೂಮಿನ ಬಾಗಿಲಲ್ಲಿ ಪೆಟ್ಟಿಗೆ ಸಮೇತ ನಿಂತ ದಿನವೇ, "ಎಲ್ಲರೂ ಸೋಡಾಬುಡ್ಡಿ ಅಂತಾರೆ ಅಕ್ಕ, ನೀವೂ ಹಾಗೇ ಕರೀರಿ, ಬೇಜಾರಿಲ್ಲ" ಅಂದಳು. ನಾನು ಅವಳಿಗಿಂತ ಮೊದಲೇ ಬಂದು ಸೇತುವೆ ಕಟ್ಟುವ ವಿದ್ಯೆ ಓದುತ್ತಿದ್ದವಳು, ವಯಸ್ಸಿನಲ್ಲೂ ಸ್ವಲ್ಪ ದೊಡ್ಡವಳು. ಹಾಗಾಗಿ ಅಕ್ಕ ಆದೆ. ಕೆಲವೇ ದಿನಗಳಲ್ಲಿ 'ನೀವು' ಹೋಗಿ 'ನೀನು' ಬಂತು.

ಅವಳು ಕಲಿಯಲು ಬಂದದ್ದು ಬಟ್ಟೆಗೆ ಬಣ್ಣ ಹಾಕುವ ರಸಾಯನಶಾಸ್ತ್ರ. ಊರಲ್ಲಿ ಅವಳ ಅಮ್ಮ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು. ಬಟ್ಟೆಗೆ ಸರಿಯಾಗಿ ಹೊಂದುವ ದಾರ ಹುಡುಕಿ ತರುವ ಕೆಲಸ ಇವಳದು. ಕನ್ನಡಕ ದಪ್ಪವಾದರೂ ಕಣ್ಣು ಬಲು ಚುರುಕು. ನನಗೆ ಎರಡೂ ಒಂದೇ ನೀಲಿ ಅನ್ನಿಸುವ ತುಂಡುಗಳನ್ನು ಕಿಟಕಿ ಬೆಳಕಿಗೆ ಹಿಡಿದು, "ಇದರಲ್ಲಿ ಕೆಂಪು ಜಾಸ್ತಿ ಅಕ್ಕ, ಕಾಣಲ್ವಾ?" ಅನ್ನುವಳು. ಕಾಣ್ತಿರಲಿಲ್ಲ. ಕಾಣತ್ತೆ ಅಂತಿದ್ದೆ.

ಬಂದ ಹೊಸತರಲ್ಲೇ ಅವಳ ಕನ್ನಡಕದ ಕಡ್ಡಿ ಮುರಿಯಿತು. ಕಾಲೇಜಿಗೆ ಸೇರುವಾಗ ಫೀಸಿನ ಜೊತೆ ಎಲ್ಲರಿಗೂ ಕಡ್ಡಾಯವಾಗಿ ಮಾಡಿಸಿದ್ದ ಆರೋಗ್ಯ ವಿಮೆ ಇತ್ತಲ್ಲ, ಅದರ ಕಾರ್ಡು ಹಿಡಿದು ಕನ್ನಡಕದ ಅಂಗಡಿಗೆ ಹೋದಳು. ಅಂಗಡಿಯವನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಇದರಲ್ಲಿ ಕಣ್ಣಿಲ್ಲ" ಅಂತ ವಾಪಸ್ ಕೊಟ್ಟ. ಅಂಗಡಿ ತುಂಬ ಜನ. ಮುಖ ಸಣ್ಣಗೆ ಮಾಡಿಕೊಂಡು ಬಂದಳು. ಕಡ್ಡಿಗೆ ದಾರ ಸುತ್ತಿ ಹಾಕಿಕೊಂಡಳು, ಕಾರ್ಡು ಬೀರುವಿನಲ್ಲಿ ಸ್ವೆಟರುಗಳ ಅಡಿಗೆ ಹೋಯಿತು. ವಿಮೆಯಲ್ಲಿ ಕಣ್ಣಿಲ್ಲ ಅನ್ನುವ ಮಾತು ಮಾತ್ರ ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಪರೀಕ್ಷೆ ಮುಗಿಯುತ್ತಿದ್ದ ಹೊತ್ತು. ಪ್ರಯೋಗಾಲಯದಲ್ಲಿ ಬಣ್ಣದ ನೀರಿನ ಮುಂದೆ ಕೂತವಳು ಇದ್ದಕ್ಕಿದ್ದಂತೆ ಕೈ ಬೀಸಿ ಸೊಳ್ಳೆ ಹೊಡೆದಳಂತೆ. ಸೊಳ್ಳೆ ಇರಲಿಲ್ಲ, ಕಣ್ಣ ಮುಂದೆ ತೇಲುವ ಕಪ್ಪು ಚುಕ್ಕೆ ಮಾತ್ರ. ಮತ್ತೆ ಹೊಡೆದಳು. ಜೊತೆಯವರೆಲ್ಲ ನಕ್ಕರು, ಇವಳೂ ನಕ್ಕಳು. ಮನೆಗೆ ಬಂದು ನನಗೂ ಹೇಳಿ ನಗಿಸಿದಳು. ಆಗಾಗ ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿದ್ದದ್ದನ್ನು ಮಾತ್ರ ಹೇಳಲಿಲ್ಲ.

ಆಮೇಲೊಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ನನಗೆ ಟೀ ಬಗ್ಗಿಸುತ್ತಿದ್ದಳು. ಟೀ ಲೋಟಕ್ಕೆ ಬೀಳದೆ ಮೇಜಿನ ಮೇಲೆ ಹರಿಯಿತು.

"ಏನೇ ಇದು, ನಿದ್ದೆ ಬಿಟ್ಟಿಲ್ವಾ ಇನ್ನೂ?"

ಅವಳು ಪಾತ್ರೆ ಕೆಳಗಿಟ್ಟಳು. "ಅಕ್ಕ, ಎಡಗಣ್ಣಲ್ಲಿ ಒಂದು ಪಕ್ಕದಿಂದ ಕಪ್ಪು ಪರದೆ ಎಳೆದ ಹಾಗಿದೆ. ನಿನ್ನೆಗಿಂತ ಇವತ್ತು ಜಾಸ್ತಿ."

ನಾನು ಕುರ್ಚಿ ಹಿಂದೆ ತಳ್ಳಿ ಎದ್ದೆ. "ಬಾ, ಡಾಕ್ಟರ ಹತ್ರ ಹೋಗೋಣ."

"ರಜೆಗೆ ಊರಿಗೆ ಹೋಗ್ತೀನಲ್ಲ, ಅಲ್ಲೇ ತೋರಿಸ್ತೀನಿ."

"ರಜೆ ತನಕ ಕಣ್ಣು ಕಾಯತ್ತಾ?"

"ವಿಮೆಯಲ್ಲಿ ಕಣ್ಣಿಲ್ಲ ಅಕ್ಕ! ಇಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಅಮ್ಮ ಹೊಲಿಗೆ ಮಷೀನು ಮಾರಬೇಕಾಗತ್ತೆ."

ವಾದ ಮಾಡುತ್ತ ಕೂರಲಿಲ್ಲ. ಸ್ವೆಟರುಗಳ ಅಡಿಯಿಂದ ಕಾರ್ಡು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ, ಅವಳ ತೋಳು ಹಿಡಿದುಕೊಂಡು ಹೊರಟೆ.

ಕಾಲೇಜಿನ ಆರೋಗ್ಯ ಕೇಂದ್ರದಲ್ಲಿದ್ದ ನರ್ಸಮ್ಮ ಅವಳ ಒಂದು ಕಣ್ಣು ಮುಚ್ಚಿಸಿ, ಬೆರಳು ಅತ್ತಿತ್ತ ಆಡಿಸಿ ನೋಡಿದರು. ಮುಖದ ನಗು ಮಾಯವಾಯಿತು. "ಇದು ತುರ್ತು. ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ, ನಾನು ಫೋನ್ ಮಾಡಿ ಹೇಳಿರ್ತೀನಿ" ಅಂದರು. ಸೋಡಾಬುಡ್ಡಿ ಕುರ್ಚಿಯಿಂದ ಏಳಲಿಲ್ಲ. "ಎಷ್ಟಾಗತ್ತೆ?" ಅಂದಳು. ಅದು ಅವರಿಗೂ ಗೊತ್ತಿರಲಿಲ್ಲ.

ಕಾರ್ಡಿನ ಬೆನ್ನಿಗೆ ವಿಮೆ ಕಂಪನಿಯ ಫೋನ್ ನಂಬರಿತ್ತು. ಅಲ್ಲೇ ಕೂತು ಒತ್ತಿದೆ, ಅವಳಿಗೂ ಕೇಳಲಿ ಅಂತ ಧ್ವನಿ ಜೋರು ಮಾಡಿದೆ. ಯಾವುದೋ ಸಂಗೀತ ಮುಗಿಯುವ ಹೊತ್ತಿಗೆ ನನ್ನ ತಾಳ್ಮೆಯೂ ಮುಗಿದಿತ್ತು. ಕೊನೆಗೆ ಒಬ್ಬ ಹುಡುಗ ಮಾತಾಡಿದ.

"ನಿಮಗೆ ಬೇಕಾಗಿರೋದು ಕನ್ನಡಕವಾ ಅಥವಾ ಚಿಕಿತ್ಸೆಯಾ?" ಅಂತ ಕೇಳಿದ.

ಅವಳು ಫೋನಿನ ಕಡೆಗೆ ಬಗ್ಗಿದಳು. "ಒಂದು ಕಣ್ಣು ಅರ್ಧ ಕಾಣ್ತಿಲ್ಲ. ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ ಅಂತಿದಾರೆ."

"ಹಾಗಾದರೆ ಅದು ಕಾಯಿಲೆ. ನಿಮ್ಮ ವಿಮೆಯಲ್ಲಿ ಇಲ್ಲದಿರೋದು ಕನ್ನಡಕ ಮತ್ತು ಅದರ ನಂಬರ್ ನೋಡೋ ಪರೀಕ್ಷೆ ಅಷ್ಟೇ. ಕಣ್ಣಿನ ಕಾಯಿಲೆ, ಆಪರೇಷನ್ ಎಲ್ಲ ಸೇರಿದೆ."

"ಸೇರಿದೆಯಾ?"

"ಸೇರಿದೆ. ಮಾಮೂಲಿ ಆಪರೇಷನ್ ಆದರೆ ಮೊದಲೇ ನಮ್ಮ ಒಪ್ಪಿಗೆ ಬೇಕು. ತುರ್ತು ಆದರೆ ಕಾಯಬೇಡಿ, ಆಮೇಲೆ ಆಸ್ಪತ್ರೆಯವರು ತಿಳಿಸಿದರೆ ಸಾಕು. ನೀವು ಹೇಳಿದ ದೊಡ್ಡಾಸ್ಪತ್ರೆ ನಮ್ಮ ಜೊತೆ ಒಪ್ಪಂದ ಇರೋದೇ. ಖರ್ಚಿನಲ್ಲಿ ಒಂದು ಸಣ್ಣ ಪಾಲು ನಿಮ್ಮದು. ಅದಕ್ಕೂ ಮಿತಿ ಇದೆ, ಅದರ ಮೇಲೆ ಹೋಗಲ್ಲ. ಬೇಗ ಹೋಗಿ."

ಅವಳು ಕನ್ನಡಕ ತೆಗೆದು ಸೆರಗಿಲ್ಲದ ಅಂಗಿಯ ತುದಿಯಿಂದಲೇ ಕಣ್ಣೊರೆಸಿಕೊಂಡಳು. ಆಮೇಲೆ ನನಗಿಂತ ಮುಂದೆ ನಡೆದಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು, ಮೇಲೆ ನೋಡು ಕೆಳಗೆ ನೋಡು ಅಂತ ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣಿನ ಹಿಂಗೋಡೆಗೆ ಅಂಟಿರುವ ರೆಟಿನಾ ಅನ್ನುವ ತೆಳು ಪೊರೆ ಬಿಟ್ಟುಕೊಳ್ಳುತ್ತಿದೆ, ಕನ್ನಡಕದ ನಂಬರ್ ಹೆಚ್ಚಿರುವವರಿಗೆ ಹೀಗಾಗುವ ಸಾಧ್ಯತೆ ಜಾಸ್ತಿ ಅಂದರು. "ನಡುಭಾಗ ಇನ್ನೂ ಅಂಟಿಕೊಂಡಿದೆ. ನಾಳೆ ಬೆಳಿಗ್ಗೆ ಆಪರೇಷನ್ ಮಾಡೋಣ. ಇನ್ನಷ್ಟು ತಡ ಮಾಡಿದ್ದರೆ ಇಷ್ಟು ಧೈರ್ಯದಿಂದ ಮಾತಾಡ್ತಿರಲಿಲ್ಲ."

ಅಮ್ಮನಿಗೆ ಅವಳು ತಿಳಿಸಿದ್ದು ಆಪರೇಷನ್ ಆದ ಮೇಲೆ. ಅತ್ತ ಕಡೆ ಮಷೀನಿನ ಸದ್ದು ಥಟ್ಟನೆ ನಿಂತಿತು.

"ಪೊರೆ ಅಂಟಿಕೊಳ್ಳಲಿ ಅಂತ ಒಳಗೆ ಗ್ಯಾಸ್ ತುಂಬಿದಾರೆ ಅಮ್ಮ."

"ಗ್ಯಾಸಾ? ನಿಮ್ಮಪ್ಪನಿಗೆ ಹೊಟ್ಟೆಯಲ್ಲಿ, ನಿನಗೆ ಕಣ್ಣಲ್ಲಾ?" ಅಂದು ಅವರು ಅಳುತ್ತಲೇ ನಕ್ಕರು. ಆಮೇಲೆ ಮೆಲ್ಲಗೆ, "ದುಡ್ಡಿಗೇನು ಮಾಡಿದೆ?" ಅಂದರು.

"ವಿಮೆ ಇದೆಯಲ್ಲಮ್ಮ. ಕಣ್ಣಿಗೂ ಇದೆ."

ಗ್ಯಾಸು ಸರಿಯಾದ ಜಾಗದಲ್ಲಿ ಒತ್ತಿ ನಿಲ್ಲಲು ಅವಳು ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕಿತ್ತು. ಊಟ ಬಗ್ಗಿಕೊಂಡು, ಮಾತು ನೆಲದ ಜೊತೆ. ಮಂಚದ ಅಂಚಿನಿಂದ ಮುಖ ಇಳಿಬಿಟ್ಟು ಮಲಗಿದರೆ ನಾನು ನೆಲದ ಮೇಲೆ ಅಂಗಾತ ಮಲಗಿ ಅವಳಿಗೆ ಕತೆ ಓದಿ ಹೇಳುತ್ತಿದ್ದೆ. ಕಣ್ಣಲ್ಲಿ ಗ್ಯಾಸ್ ಇರುವ ತನಕ ವಿಮಾನ ಹತ್ತಬಾರದು ಅಂದಿದ್ದರಿಂದ ರಜೆಗೆ ಊರಿಗೆ ಹೋಗುವುದೂ ತಪ್ಪಿತು. ಅದಕ್ಕೆ ಮಾತ್ರ ಒಂದಿಡೀ ದಿನ ಮುನಿಸಿಕೊಂಡಿದ್ದಳು.

ಹೀಗಿರುವಾಗ ಒಂದು ಬಿಲ್ಲು ಬಂತು. ಅರಿವಳಿಕೆ ಕೊಟ್ಟ ಡಾಕ್ಟರದು, ಪೂರ್ತಿ ಮೊತ್ತ ಅವಳ ತಲೆಗೇ. ನಾನು ಕೈಕಾಲು ಬಿಟ್ಟೆ. ಅವಳು ಬಿಡಲಿಲ್ಲ.

"ಫೋನು ನೆಲದ ಮೇಲಿಡು ಅಕ್ಕ."

ಇಟ್ಟೆ. ಮಂಚದಿಂದ ಮುಖ ನೇತುಹಾಕಿಕೊಂಡೇ ಆಸ್ಪತ್ರೆಯ ಬಿಲ್ಲಿನ ವಿಭಾಗಕ್ಕೆ ಕರೆ ಮಾಡಿದಳು.

"ಇದನ್ನ ವಿಮೆ ಕಂಪನಿಗೆ ಕಳಿಸಿದೀರಾ?"

ಆ ಕಡೆಯ ಹೆಂಗಸು ಹುಡುಕಿ, "ಕಳಿಸಿದ್ವಿ, ನಿಮ್ಮ ಹೆಸರಲ್ಲಿ ಯಾರೂ ಇಲ್ಲ ಅಂತ ವಾಪಸ್ ಬಂದಿದೆ" ಅಂದಳು.

"ನನ್ನ ಹೆಸರು ಹೇಗೆ ಬರೆದಿದೀರಿ, ಓದಿ ನೋಡೋಣ."

ಓದಿದಳು. ಅಪ್ಪನ ಹೆಸರು ಮುಂದೆ, ಇವಳ ಹೆಸರು ಹಿಂದೆ! "ಅದು ನಮ್ಮಪ್ಪ. ಅವರಿಗೆ ಆಪರೇಷನ್ ಆಗಿಲ್ಲ. ಕಾರ್ಡಲ್ಲಿರೋ ಹಾಗೆ ತಿದ್ದಿ ಮತ್ತೆ ಕಳಿಸಿ. ಅಲ್ಲಿ ತನಕ ಈ ಬಿಲ್ಲು ತಡೆಹಿಡೀತೀರಾ? ನಿಮ್ಮ ಹೆಸರೇನು ಅಂದ್ರಿ?" ತಗ್ಗಿದ ತಲೆ, ತಗ್ಗದ ದನಿ. ನಾನು ನಗು ತಡೆಯಲಾಗದೆ ಅಡಿಗೆಮನೆಗೆ ಓಡಿದೆ.

ಕಂಪನಿ ಆ ಬಿಲ್ಲನ್ನೂ ಒಪ್ಪಿಕೊಂಡಿತು. ಅವಳ ಪಾಲಿಗೆ ಬಂದದ್ದನ್ನು ಅವಳು ಓದಿನ ಜೊತೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಗಳಿಸುತ್ತಿದ್ದ ಸಂಬಳದಲ್ಲೇ ತೀರಿಸಿದಳು.

ಗ್ಯಾಸು ಕರಗುತ್ತ ಬಂದಂತೆ ಕಣ್ಣಲ್ಲಿ ತೊಟ್ಟಿಯ ನೀರು ತುಂಬಿದ ಹಾಗೆ ಒಂದು ಗೆರೆ ಕಾಣುತ್ತಿತ್ತಂತೆ. ಗೆರೆಯ ಮೇಲೆ ಎಲ್ಲ ಸ್ವಚ್ಛ, ಕೆಳಗೆ ಮಸುಕು. ಗೆರೆ ಕೆಳಗಿಳಿದು, ಗುಳ್ಳೆಯಾಗಿ, ಒಂದು ದಿನ ಇಲ್ಲವಾಯಿತು. ಆ ವಾರದ ತಪಾಸಣೆಯಲ್ಲಿ ಡಾಕ್ಟರಮ್ಮ, "ಪೊರೆ ಚೆನ್ನಾಗಿ ಕೂತಿದೆ. ಇನ್ನು ವಿಮಾನ ಹತ್ತಬಹುದು" ಅಂದರು.

ಹೊರಗೆ ಒಳ್ಳೆ ಬಿಸಿಲು. ಆಸ್ಪತ್ರೆ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಅವಳು, ಅಷ್ಟು ದಿನ ಅಳದೇ ಇದ್ದದ್ದನ್ನೆಲ್ಲ ಸೇರಿಸಿ ಅತ್ತಳು. ನಾನು ಬೆನ್ನು ಸವರುತ್ತ ಕೂತಿದ್ದೆ. ದಾರಿಹೋಕರು ಕೆಟ್ಟ ಸುದ್ದಿಯೇನೋ ಅಂತ ಅಯ್ಯೋ ಪಾಪ ಅನ್ನುವ ಮುಖ ಮಾಡಿ ಹೋದರು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಎದ್ದಳು.

"ಸಿಕ್ಕಾಪಟ್ಟೆ ಹಸಿವಾಗ್ತಿದೆ. ನಡಿ ಅಕ್ಕ, ಎಲ್ಲಾದ್ರೂ ಕೂತು ಹೊಟ್ಟೆ ತುಂಬ ತಿನ್ನೋಣ."